ಪಟ್ಟ: ಒಂದು ಶಬ್ದವಿಚಾರ

‘ಪಟ್ಟಾಭಿಷೇಕ’ವೆಂದೊಡನೆ ಕಿರೀಟಧಾರಣೆಯ ಚಿತ್ರ ಮನಸ್ಸಿಗೆ ಬರುವುದು ಸಹಜ. ಆದರೆ ಪ್ರಾಚೀನ ಕಾವ್ಯ-ಶಾಸನಗಳ ರಾಜಪಟ್ಟವು ಮೂಲತಃ ಕಿರೀಟವಲ್ಲ. ಲಲಾಟಕ್ಕೆ ಕಟ್ಟುವ ಪಟ್ಟಿ. ಈ ಭೇದವನ್ನು ಮರೆತರೆ ಹಸ್ತಪ್ರತಿಗಳ ಅರ್ಥನಿರ್ಣಯದಲ್ಲಿ ಪ್ರಮಾದವುಂಟಾಗುತ್ತದೆ.

ಸಂಸ್ಕೃತದಲ್ಲಿ ‘ಪಟ್ಟ’ಕ್ಕೆ ವಸ್ತ್ರ, ರೇಷ್ಮೆ, ಗಾಯಕ್ಕೆ ಸುತ್ತುವ ಬಟ್ಟೆ, ಹಲಗೆ, ಶಿಲಾಫಲಕ, ತಾಮ್ರಫಲಕ ಮೊದಲಾದ ಅರ್ಥಗಳಿವೆ. ಇದು ‘ಪತ್ರ’ ಶಬ್ದದ ಪ್ರಾಕೃತ ಪರಿಣಾಮವೆಂದು ಕೆಲವರು ಭಾವಿಸಿದರೆ, ‘ಪಟ’ದೊಡನೆ ಸಂಬಂಧವನ್ನು ಕಲ್ಪಿಸುವವರೂ ಉಂಟು. ಚಪ್ಪಟೆಯಾದ ವಸ್ತುವೆಂಬ ಭಾವವಂತೂ ಈ ಅರ್ಥಗಳಲ್ಲೆಲ್ಲ ತೋರುತ್ತದೆ.

6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಪಟ್ಟಲಕ್ಷಣವನ್ನು ಪ್ರತ್ಯೇಕವಾಗಿ ನಿರೂಪಿಸಿದ್ದಾನೆ. ಪಟ್ಟವು ಶುದ್ಧ ಸುವರ್ಣದ್ದು. ಅದರ ಮಧ್ಯದ ಅಗಲ ರಾಜನಿಗೆ 8 ಅಂಗುಲ, ಮಹಿಷಿಗೆ 7, ಯುವರಾಜನಿಗೆ 6, ಸೇನಾಪತಿಗೆ 4. ಅನುಗ್ರಹರೂಪವಾದ ಪ್ರಸಾದಪಟ್ಟಕ್ಕೆ 2. ರಾಜಪಟ್ಟಕ್ಕೆ ಐದು ಶಿಖೆಗಳು. ಪ್ರಸಾದಪಟ್ಟಕ್ಕೆ ಶಿಖೆಯೇ ಇಲ್ಲ. ಆದುದರಿಂದ ಪಟ್ಟವನ್ನು ಪಡೆದವರೆಲ್ಲರೂ ಅರಸರಲ್ಲವೆಂಬುದು ಸ್ಪಷ್ಟ.

ಜಿನಸೇನಾಚಾರ್ಯರ ಆದಿಪುರಾಣವೂ ಇಲ್ಲಿ ಗಮನಾರ್ಹ. ವೃಷಭದೇವನ ರಾಜ್ಯಾಭಿಷೇಕ ಪ್ರಸಂಗದಲ್ಲಿ ನಾಭಿರಾಜನು ಶಿರಸ್ಸಿನಲ್ಲಿ ಮುಕುಟವನ್ನಿರಿಸಿದುದೂ ಲಲಾಟದಲ್ಲಿ ಪಟ್ಟಬಂಧವಾದುದೂ ಬೇರೆ ಬೇರೆಯಾಗಿ ಹೇಳಲ್ಪಟ್ಟಿವೆ. ಎರಡೂ ಒಂದೇ ಆಗಿದ್ದರೆ ಈ ವಿಭಾಗಕ್ಕೆ ಅವಕಾಶವಿರುತ್ತಿರಲಿಲ್ಲ. ಗಂಗ ಮಾರಸಿಂಹನು ರಾಷ್ಟ್ರಕೂಟ ಇಂದ್ರರಾಜನಿಗೆ ನೆರವೇರಿಸಿದುದನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಸ್ತಂಭದ ಶಾಸನವು ಪಟ್ಟಬಂಧೋತ್ಸವವೆಂದೇ ಕರೆಯುತ್ತದೆ. ಆ ಇಂದ್ರರಾಜನೇ 982ರಲ್ಲಿ ಬೆಳಗೊಳದಲ್ಲಿ ಸಲ್ಲೇಖನದಿಂದ ಮುಡಿಪಿದನು.

ಕನ್ನಡದ ಕ್ರಿಯಾಪದಗಳು ಅರ್ಥವಿಕಾಸದ ಮೆಟ್ಟಿಲುಗಳನ್ನು ತೋರಿಸುತ್ತವೆ. ‘ಪಟ್ಟಂಗಟ್ಟು’ ಎಂಬಲ್ಲಿ ಪಟ್ಟವು ಕಟ್ಟುವ ವಸ್ತು. ‘ಪಟ್ಟವೇರು’ ಎಂಬಲ್ಲಿ ಏರುವ ಪೀಠ. ‘ಪಟ್ಟವಾಳು’ ಎಂಬಲ್ಲಿ ಅಧಿಕಾರ. ಪಟ್ಟದರಸಿ, ಪಟ್ಟದಾನೆ ಎಂಬ ಮಾತುಗಳಲ್ಲಿ ಪಟ್ಟವು ಅಗ್ರಸ್ಥಾನದ ಸೂಚಕವಾಗಿ ನಿಂತಿದೆ.

ಪಟ್ಟಾವಳಿ, ಪಟ್ಟಾಚಾರ್ಯ ಎಂಬ ಜೈನ ಪ್ರಯೋಗಗಳಲ್ಲಿ ಪೀಠವೆಂಬ ಅರ್ಥವೇ ಗ್ರಾಹ್ಯ. ಸರ್ವಾಭರಣಗಳನ್ನು ತ್ಯಜಿಸಿದ ಮುನಿಗೆ ಲಲಾಟಪಟ್ಟವೆಲ್ಲಿಯದು? ಪಟ್ಟಾವಳಿಯು ಗುರುಪೀಠದ ಅನುಕ್ರಮವೇ ಹೊರತು ಕಿರೀಟಧಾರಿಗಳ ಪಟ್ಟಿಯಲ್ಲ.

ಹೀಗಾಗಿ ಗ್ರಂಥಸಂಪಾದಕರು ‘ಪಟ್ಟ’ವನ್ನು ಕಂಡಲ್ಲೆಲ್ಲ ‘ಕಿರೀಟ’ವೆಂದು ಟಿಪ್ಪಣಿ ಬರೆಯದೆ, ಪಡೆದವನಾರು, ಜೊತೆಯ ಕ್ರಿಯಾಪದವಾವುದು ಎಂಬುದನ್ನು ಮೊದಲು ಪರಿಶೀಲಿಸಬೇಕು. ಇಲ್ಲವಾದರೆ ಪ್ರಸಾದಪಟ್ಟವನ್ನು ಪಡೆದ ಅಧಿಕಾರಿಯು ಅರಸನಾದಾನು; ಪೀಠಸ್ಥನಾದ ಯತಿಯು ಮುಕುಟಧಾರಿಯಾದಾನು.