ಮಗಳು ಆ ಕೋಣೆಯಲ್ಲಿ ಏನು ಹೇಳಿದಳು?

ಸಹೋದರಿ, ನಿಮ್ಮ ಮಗಳು ದೂರದ ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿದ್ದಾಳೆ ಎಂದು ಭಾವಿಸಿಕೊಳ್ಳಿ. ಒಂದು ಸಂಜೆ ಆಕೆ ಫೋನ್ ಮಾಡಿ, "ಉಮ್ಮಾ, ನಾನು ಇಲ್ಲಿನ ಕೌನ್ಸೆಲರ್ ಬಳಿ ಹೋಗುತ್ತಿದ್ದೇನೆ" ಎನ್ನುತ್ತಾಳೆ. ಆಗ ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು?

ಕಳೆದ ವರ್ಷ ರಮಝಾನಿಗೆ ಇನ್ನೂ ಒಂದು ತಿಂಗಳಿತ್ತು. ಅಸರ್ ನಮಾಝ್ ಮುಗಿಸಿ ಎದ್ದಿದ್ದೆ. ನಮ್ಮ ಮೊಹಲ್ಲಾದ ಒಬ್ಬ ತಾಯಿ ಅಳುತ್ತಾ ಮನೆಗೆ ಬಂದರು. "ಟೀಚರೇ, ನನ್ನ ಮಗಳಿಗೆ ತಲೆ ಕೆಟ್ಟಿದೆ" ಎಂದರು. ಯಾರು ಹೇಳಿದ್ದು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಮಗಳೇ ಫೋನಿನಲ್ಲಿ ತಾನು ಕೌನ್ಸೆಲರ್ ಬಳಿಗೆ ಹೋಗುತ್ತಿದ್ದೇನೆಂದು ಹೇಳಿದ್ದಳು. ಅಷ್ಟಕ್ಕೇ ಈ ತಾಯಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಓದಿ ಊದಿದ ನೀರು ಬೇಕು, ಮಗಳನ್ನು ಹಾಸ್ಟೆಲ್ ಬಿಡಿಸಿ ಕರೆತರಬೇಕು, ಒಳ್ಳೆಯ ಸಂಬಂಧವೊಂದು ಬಂದಿದೆ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ಆ ಹುಡುಗಿ ನನ್ನ ಮದ್ರಸದಲ್ಲಿ ಕಲಿತವಳು. ಎಂ.ಎಸ್ಸಿ. ಮೊದಲ ವರ್ಷ. ಆ ಮನೆತನದಲ್ಲೇ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅದಕ್ಕೂ ಎರಡು ತಿಂಗಳ ಮೊದಲು ಆಕೆ ನನಗೂ ಫೋನ್ ಮಾಡಿದ್ದಳು. "ಟೀಚರ್, ನಿದ್ದೆಯೇ ಬರುವುದಿಲ್ಲ. ಸುಬುಹಿಯ ಬಾಂಗಿನವರೆಗೂ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತೇನೆ. ಪುಸ್ತಕ ತೆರೆದರೆ ಅಕ್ಷರ ತಲೆಗೆ ಹೋಗುವುದಿಲ್ಲ" ಎಂದಿದ್ದಳು. ನಾನು ಅಡುಗೆ ಮಾಡುತ್ತಿದ್ದೆ. "ಶೈತಾನನ ವಸ್‌ವಾಸ್ ಇರಬಹುದು. ಸ್ವಲಾತ್ ಹೇಳು, ದಿಕ್ರ್ ಹೆಚ್ಚು ಮಾಡು" ಎಂದೆ. "ಆಯಿತು ಟೀಚರ್" ಎಂದು ಫೋನ್ ಇಟ್ಟಳು. ಮತ್ತೆ ಮಾಡಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ, ದಿಕ್ರ್‌ನಿಂದ ಹೃದಯಕ್ಕೆ ನೆಮ್ಮದಿ ಸಿಗುತ್ತದೆಂಬುದು ನಮ್ಮ ವಿಶ್ವಾಸ. ಆದರೆ ನಾನು ಆಕೆಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಯಾವಾಗಿನಿಂದ ನಿದ್ದೆಯಿಲ್ಲ? ಊಟ ಮಾಡುತ್ತೀಯಾ? ಏನಾಯಿತು ಮಗಳೇ? ಏನೂ ಕೇಳಲಿಲ್ಲ. ಉತ್ತರ ಕೊಟ್ಟು ಕಳುಹಿಸಿಬಿಟ್ಟೆ. ಪ್ರಶ್ನೆ ಕೇಳಿದವರು ಆ ಕೌನ್ಸೆಲರ್.

ಮುಂದಿನ ಸೋಮವಾರ ಆ ತಾಯಿಯ ಜೊತೆ ನಾನೂ ಹೊರಟೆ. ನಾಲ್ಕು ಗಂಟೆಯ ಬಸ್ ಪ್ರಯಾಣ.

ಆ ಕೋಣೆಯನ್ನು ನಿಮಗೆ ಸ್ವಲ್ಪ ವಿವರಿಸಬೇಕು. ಏಕೆಂದರೆ ನಾವಿಬ್ಬರೂ ಆಸ್ಪತ್ರೆಯ ವಾರ್ಡಿನಂತಹದ್ದನ್ನು ಕಲ್ಪಿಸಿಕೊಂಡು ಹೋಗಿದ್ದೆವು. ಅದು ಗ್ರಂಥಾಲಯದ ಹಿಂಬದಿಯ ಒಂದು ಸಣ್ಣ ಕೋಣೆ. ಅದರ ಬಾಗಿಲು ಮಕ್ಕಳು ಓಡಾಡುವ ಕಡೆಗೆ ತೆರೆಯುವುದಿಲ್ಲ. ಯಾರು ಬಂದರು, ಯಾರು ಹೋದರು ಎಂದು ಇತರರಿಗೆ ಕಾಣಬಾರದೆಂದು ಹಾಗೆ ಮಾಡಿದ್ದಾರಂತೆ. ಮೇಜಿನ ಆಚೆ ಒಬ್ಬರು ಈಚೆ ಒಬ್ಬರು ಕೂರುವುದಲ್ಲ, ಎರಡು ಕುರ್ಚಿಗಳನ್ನು ಸ್ವಲ್ಪ ಓರೆಯಾಗಿ ಇಟ್ಟಿದ್ದರು. ಗಡಿಯಾರ ನಾವು ಕುಳಿತ ಕುರ್ಚಿಯ ಹಿಂಬದಿಯ ಗೋಡೆಯಲ್ಲಿತ್ತು. ಅದೇಕೆ ಅಲ್ಲಿ ಎಂದು ನಾನು ಆಮೇಲೆ ಕೇಳಿದೆ. "ಮಕ್ಕಳು ಮಾತಾಡುವಾಗ ನಾನು ಕೈಗಡಿಯಾರ ನೋಡಿದರೆ ಅವರಿಗೆ ಬೇಸರವಾಗುತ್ತದೆ. ನನಗೆ ಸಮಯವೂ ಗೊತ್ತಾಗಬೇಕಲ್ಲ" ಎಂದು ನಕ್ಕರು. ಮೂವತ್ತೈದರ ಆಸುಪಾಸಿನ ಹಿಂದೂ ಸಹೋದರಿ ಅವರು. ಹತ್ತಿ ಸೀರೆ, ಮೆಲುದನಿ.

ತಾಯಿ ಕುಳಿತ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಮಗಳು ನಿಮಗೆ ಏನು ಹೇಳಿದಳು?"

"ಅದನ್ನು ನಾನು ಹೇಳುವಂತಿಲ್ಲ ಅಮ್ಮಾ."

"ಹೆತ್ತವಳು ನಾನು. ನನಗೆ ಹೇಳದ್ದನ್ನು ಅವಳು ನಿಮಗೆ ಹೇಳಿದ್ದಾಳೆ. ನೀವು ನನಗೆ ಹೇಳುವುದಿಲ್ಲವೇ?"

ಅವರು ಸಿಟ್ಟಾಗಲಿಲ್ಲ. "ಅವಳು ಹೇಳಿದ್ದು ಅವಳದು ಅಮ್ಮಾ, ನನ್ನದಲ್ಲ. ನನ್ನದಲ್ಲದ್ದನ್ನು ನಿಮಗೆ ಹೇಗೆ ಕೊಡಲಿ? ಅವಳು ಒಪ್ಪಿದರೆ ಇಲ್ಲಿಯೇ ನಿಮ್ಮೆದುರು ಹೇಳಲಿ, ನಾನೂ ಜೊತೆಗಿರುತ್ತೇನೆ. ಒಂದು ಮಾತು ಮಾತ್ರ ಕೊಡಬಲ್ಲೆ. ಅವಳ ಜೀವಕ್ಕೆ ಅಪಾಯವಿದೆ ಎಂದು ನನಗೆ ಅನಿಸಿದರೆ ಆ ಗಳಿಗೆಯಲ್ಲೇ ನಿಮಗೆ ಫೋನ್ ಮಾಡುತ್ತೇನೆ. ಇದನ್ನು ಅವಳಿಗೂ ಮೊದಲ ದಿನವೇ ತಿಳಿಸಿದ್ದೇನೆ."

ತಾಯಿಯ ಮುಖ ಕೆಂಪಾಯಿತು. ಮರಳುವಾಗ ಬಸ್ಸಿನಲ್ಲಿ ಒಂದು ಗಂಟೆಯ ಕಾಲ ಅದನ್ನೇ ಹೇಳಿದರು. "ಎಷ್ಟು ಧೈರ್ಯ ನೋಡಿ ಟೀಚರೇ, ತಾಯಿಗೂ ಹೇಳುವುದಿಲ್ಲವಂತೆ!" ನನಗೂ ಒಳಗೊಳಗೆ ಹಾಗೆಯೇ ಅನಿಸಿತ್ತು. ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದಾಗ, ಪ್ರತಿವರ್ಷ ಮಕ್ಕಳಿಗೆ ನಾನೇ ಕಲಿಸುವ ಒಂದು ಘಟನೆ ನೆನಪಾಯಿತು. ಹಝ್ರತ್ ಅನಸ್(ರ) ಬಾಲಕರಾಗಿದ್ದಾಗ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಒಂದು ದಿನ ಪ್ರವಾದಿಯವರು(ಸ) ಅವರನ್ನು ಯಾವುದೋ ಕೆಲಸಕ್ಕೆ ಕಳುಹಿಸಿದರು. ಮನೆ ತಲುಪುವಾಗ ತಡವಾಯಿತು. ತಾಯಿ ಉಮ್ಮು ಸುಲೈಮ್(ರ) ಕಾರಣ ಕೇಳಿದರು. ಪ್ರವಾದಿಯವರು(ಸ) ಒಂದು ಕೆಲಸಕ್ಕೆ ಕಳುಹಿಸಿದ್ದರು ಎಂದ ಬಾಲಕ. ಯಾವ ಕೆಲಸ? ಅದು ಗುಟ್ಟು ಎಂದ. ಆ ತಾಯಿ ಏನು ಮಾಡಿದರು ಗೊತ್ತೇ? ಗದರಿಸಲಿಲ್ಲ, ಒತ್ತಾಯಿಸಲಿಲ್ಲ. ಹಾಗಾದರೆ ಆ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ಮಗನಿಗೇ ತಾಕೀತು ಮಾಡಿದರು.

ಅಮಾನತಿನ ಪಾಠಕ್ಕೆ ಈ ಘಟನೆಯನ್ನು ಇಪ್ಪತ್ತು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಅದು ಇಂತಹ ಕೋಣೆಗೂ ಅನ್ವಯವಾಗುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಬಸ್ಸಿನಲ್ಲೇ ಆ ತಾಯಿಗೆ ಇದನ್ನು ಹೇಳಿದೆ. ಅವರು ಉತ್ತರಿಸಲಿಲ್ಲ. ಊರು ತಲುಪುವವರೆಗೂ ಮತ್ತೆ ಆ ಮಾತನ್ನು ಎತ್ತಲೂ ಇಲ್ಲ.

ಇದು ಆ ಒಬ್ಬ ಸಹೋದರಿಯ ಹಠವಲ್ಲ, ನಮ್ಮ ದೇಶದ ಕಾನೂನು ಕೂಡಾ ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಚಿಕಿತ್ಸೆ ಪಡೆಯುವವರ ಗುಟ್ಟಿನ ಹಕ್ಕನ್ನು ರಕ್ಷಿಸುತ್ತದೆ. ಜೀವಾಪಾಯವಿದ್ದಾಗ, ಬೇರೆಯವರಿಗೆ ಹಾನಿಯಾಗುವ ಭಯವಿದ್ದಾಗ ಮತ್ತು ಅಂತಹ ಇನ್ನು ಕೆಲವೇ ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ಒಂದು ಕ್ಷಣ ಯೋಚಿಸಿ. ಹೇಳಿದ್ದೆಲ್ಲ ಸಂಜೆಯೊಳಗೆ ಮನೆಗೆ ತಲುಪುತ್ತದೆ ಎಂದಾದರೆ ಯಾವ ಹುಡುಗಿ ಬಾಯಿ ತೆರೆದಾಳು?

ಇವರು ಯಾರು, ಏನು ಕಲಿತವರು ಎಂಬ ಗೊಂದಲ ನಮ್ಮಲ್ಲಿ ಬಹಳ ಇದೆ. ಎಲ್ಲರನ್ನೂ 'ಮಾನಸಿಕ ಡಾಕ್ಟರ್' ಎಂದುಬಿಡುತ್ತೇವೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮೇಲೆ ಮನೋರೋಗದ ವಿಷಯದಲ್ಲಿ ತರಬೇತಿ ಪಡೆದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟರು ಮನಶ್ಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ತರಬೇತಿ ದಶಕಗಳಿಂದ ನಡೆದಿದೆ. ಕಾಲೇಜಿನ ಕೋಣೆಯಲ್ಲಿ ಸಾಮಾನ್ಯವಾಗಿ ಸಿಗುವವರು ಆಪ್ತ ಸಮಾಲೋಚಕರು. ಮನಶ್ಶಾಸ್ತ್ರದಲ್ಲೋ ಸಮಾಜ ಕಾರ್ಯದಲ್ಲೋ ಎಂ.ಎ. ಅಥವಾ ಎಂ.ಎಸ್.ಡಬ್ಲ್ಯೂ. ಮಾಡಿರುತ್ತಾರೆ. ಇವರು ಮಾತ್ರೆ ಕೊಡುವುದಿಲ್ಲ. ಬೇಕೆಂದು ಕಂಡರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಹಾಗೆ ಕಳುಹಿಸಲು ಹಿಂಜರಿಯುವವರನ್ನು ಕಂಡರೆ ನೀವು ಅನುಮಾನಪಡಬೇಕು.

ಅನುಮಾನಕ್ಕೆ ಬೇರೆ ಕಾರಣಗಳೂ ಇವೆ. ಕೌನ್ಸೆಲರ್ ಎಂದು ಬೋರ್ಡ್ ಹಾಕಿಕೊಂಡವರೆಲ್ಲ ಕಲಿತವರಲ್ಲ. ವಾರದ ಕೋರ್ಸ್ ಮಾಡಿ ಕುಳಿತವರೂ ಇದ್ದಾರೆ. ಕೆಲವು ಕಾಲೇಜುಗಳಲ್ಲಂತೂ ಪಾಠ ಮಾಡುವ ಅಧ್ಯಾಪಕಿಯನ್ನೇ ಆ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವರು ಒಳ್ಳೆಯವರೇ ಇರಬಹುದು. ಆದರೆ ಇಂಟರ್ನಲ್ ಅಂಕ ಕೊಡುವವರ ಮುಂದೆ ಮಕ್ಕಳು ಮನಸ್ಸು ಬಿಚ್ಚುತ್ತಾರೆಯೇ? ನಾನೂ ಟೀಚರ್, ಆದ್ದರಿಂದ ಹೇಳುತ್ತಿದ್ದೇನೆ. ನೀವು ಮಗಳನ್ನು ಕಾಲೇಜಿಗೆ ಸೇರಿಸುವಾಗ ಫೀಸು, ಹಾಸ್ಟೆಲ್, ಹಲಾಲ್ ಊಟ ಎಲ್ಲವನ್ನೂ ವಿಚಾರಿಸುತ್ತೀರಿ. ಕೌನ್ಸೆಲರ್ ಇದ್ದಾರೆಯೇ, ಏನು ಓದಿದ್ದಾರೆ ಎಂದೂ ಕೇಳಿ.

ಹೀಗೆ ಕೇಳುವ ಅಧಿಕಾರ ಈಗ ನಿಮಗಿದೆ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದ ಹುಡುಗಿಯೊಬ್ಬಳು ತೀರಿಕೊಂಡ ಪ್ರಕರಣವನ್ನು ಆಕೆಯ ತಂದೆ ಸುಪ್ರೀಂ ಕೋರ್ಟಿನವರೆಗೆ ಕೊಂಡೊಯ್ದರು. 2025ರ ಜುಲೈ 25ರಂದು ಬಂದ ತೀರ್ಪಿನಲ್ಲಿ ನ್ಯಾಯಾಲಯವು 15 ಮಾರ್ಗಸೂಚಿಗಳನ್ನು ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು ಎಂಬುದು ಅವುಗಳಲ್ಲೊಂದು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಸಹಾಯವಾಣಿ ಸಂಖ್ಯೆಯನ್ನು ಹಾಸ್ಟೆಲಿನಲ್ಲೂ ತರಗತಿಯಲ್ಲೂ ಕಾಣುವಂತೆ ಹಾಕಬೇಕು. ಇಷ್ಟು ಕಟ್ಟುನಿಟ್ಟು ಏಕೆಂದರೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಪ್ರಾಣ ತೆಗೆದುಕೊಂಡಿದ್ದರು. ದಿನಕ್ಕೆ 35ಕ್ಕಿಂತಲೂ ಹೆಚ್ಚು ಮನೆಗಳ ದೀಪ.

ಆ ದಿನ ಹೊರಡುವ ಮುನ್ನ ಆ ಸಹೋದರಿ ನಮಗೆ ಚಹಾ ತರಿಸಿದರು. ಹುಡುಗಿ ತಾಯಿಯನ್ನು ಹಾಸ್ಟೆಲ್ ತೋರಿಸಲು ಕರೆದೊಯ್ದಿದ್ದಳು. ಆಗ ಸ್ವಲ್ಪ ಮಾತಾಡಿದೆ. ಸಾವಿರಾರು ಮಕ್ಕಳಿಗೆ ಅವರಿಬ್ಬರೇ. ಗುತ್ತಿಗೆಯ ಕೆಲಸ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ಪರೀಕ್ಷೆಯ ಮೊದಲು ಮತ್ತು ಫಲಿತಾಂಶದ ಮರುದಿನ ಊಟಕ್ಕೂ ಬಿಡುವಿಲ್ಲ. ಒಬ್ಬರಿಗೆ ಮುಕ್ಕಾಲು ಗಂಟೆ ಎಂದು ಲೆಕ್ಕ. ಆದರೆ ಅಳುತ್ತಿರುವವಳನ್ನು ಎಬ್ಬಿಸಿ ಕಳುಹಿಸುವುದು ಹೇಗೆ? "ಸಾಯಬೇಕೆಂದು ಅನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳುತ್ತೇನೆ" ಎಂದರು. ನಾನು ಬೆಚ್ಚಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಬರುವುದಿಲ್ಲವೇ? ಇಲ್ಲ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ವಿವರಿಸಿದರು. ದಿನವಿಡೀ ಇದನ್ನೆಲ್ಲ ಕೇಳಿ ನೀವು ಹೇಗಿರುತ್ತೀರಿ ಎಂದೆ. ಹೆಸರು ಹೇಳದೆ ತಮಗಿಂತ ಹಿರಿಯ ತಜ್ಞರೊಬ್ಬರಲ್ಲಿ ಚರ್ಚಿಸುತ್ತಾರಂತೆ. ಇದು ಅವರ ವೃತ್ತಿಯಲ್ಲಿ ವಾಡಿಕೆ. "ಮನೆಗೆ ಹೋಗುವಾಗ ಎರಡು ಸ್ಟಾಪ್ ಮೊದಲೇ ಇಳಿದು ನಡೆಯುತ್ತೇನೆ. ಇಲ್ಲವಾದರೆ ಮಗುವಿನ ಮೇಲೆ ಸಿಡುಕುತ್ತೇನೆ" ಎಂದರು.

ಇನ್ನೊಂದು ಭಯವನ್ನೂ ಮುಚ್ಚಿಡಬಾರದು. "ಅವರು ನಮ್ಮ ದೀನಿನವರಲ್ಲ. ಮಗಳ ತಲೆಯಲ್ಲಿ ಏನು ತುಂಬುತ್ತಾರೋ" ಎಂದು ಆ ತಾಯಿಯೂ ಹೇಳಿದ್ದರು. ನಂತರ ಹುಡುಗಿಯೇ ನನಗೆ ಹೇಳಿದ ಒಂದು ಸಂಗತಿಯನ್ನು ಆಕೆಯ ಅನುಮತಿ ಪಡೆದು ಬರೆಯುತ್ತಿದ್ದೇನೆ. ದಿನದಲ್ಲಿ ಯಾವಾಗ ಸ್ವಲ್ಪ ಹಗುರ ಅನಿಸುತ್ತದೆ ಎಂದು ಅವರು ಕೇಳಿದರಂತೆ. ಮಗ್ರಿಬ್ ಬಳಿಕ ಕುರ್‌ಆನ್ ಓದುವಾಗ ಎಂದಳು. ಅವರು ಆಕೆಯ ದಿನಚರಿಯಲ್ಲಿ ಅದನ್ನು ಬರೆದುಕೊಂಡು, ಆ ಹೊತ್ತಿಗೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡ ಎಂದರಂತೆ. ನಾನು ಫೋನಿನಲ್ಲಿ ಆಜ್ಞೆ ಮಾಡಿದ್ದನ್ನು ಅವರು ಆಕೆಯ ಬಾಯಿಂದಲೇ ಕೇಳಿ ತಿಳಿದುಕೊಂಡಿದ್ದರು.

ಮನಸ್ಸಿನ ರೋಗಕ್ಕೆ ಚಿಕಿತ್ಸೆ ಎಂಬುದು ನಮಗೆ ಪರಕೀಯವೂ ಅಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದಿದ್ದಾರೆ. ದುಃಖ, ಭಯ, ಕೋಪ, ಬಿಟ್ಟೂಬಿಡದ ದುರ್ಯೋಚನೆಗಳಿಗೆ ಬೇರೆ ಬೇರೆಯಾಗಿ ಪರಿಹಾರ ಹೇಳಿದ್ದಾರೆ. ಕಷ್ಟಕಾಲಕ್ಕೆಂದು ಮನೆಯಲ್ಲಿ ಮದ್ದು ಇಟ್ಟುಕೊಳ್ಳುವಂತೆ ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಿ ಎನ್ನುತ್ತಾರೆ. ಮಗ ಯೂಸುಫರ(ಅ) ಅಗಲಿಕೆಯಿಂದ ಅತ್ತು ಅತ್ತು ಕಣ್ಣು ಬಿಳಿಚಿಕೊಂಡ ಯಅ್‌ಕೂಬರಿಗೆ(ಅ) ಈಮಾನ್ ಕಡಿಮೆಯಾಗಿತ್ತು ಎಂದು ನಮ್ಮಲ್ಲಿ ಯಾರಾದರೂ ಹೇಳುವ ಧೈರ್ಯ ಮಾಡುತ್ತೇವೆಯೇ? ಹಾಸ್ಟೆಲಿನಲ್ಲಿ ಅಳುವ ಹುಡುಗಿಗೆ ಮಾತ್ರ ಸುಲಭವಾಗಿ ಹೇಳಿಬಿಡುತ್ತೇವೆ.

ಕಾಲೇಜಿನಲ್ಲಿ ಯಾರೂ ಇಲ್ಲದಿದ್ದರೆ, ಇದ್ದರೂ ಹೋಗಲು ಸಂಕೋಚವಾದರೆ, 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಕ್ಕಳಿಗೆ ಮಾತ್ರವಲ್ಲ, ಮಗಳ ಬಗ್ಗೆ ಚಿಂತೆಯಿರುವ ತಾಯಿಯೂ ಮಾಡಬಹುದು. ಈ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಆ ಹುಡುಗಿಗೆ ಏನಾಗಿತ್ತು ಎಂದು ನೀವು ಕೇಳಬಹುದು. ನನಗೂ ಪೂರ್ತಿ ಗೊತ್ತಿಲ್ಲ, ಕೇಳಿಲ್ಲ. ಬಂದಿದ್ದ ಸಂಬಂಧವನ್ನು ಮನೆಯವರು ಮುಂದೂಡಿದರು. ಆಕೆ ಈಗ ಎರಡನೆಯ ವರ್ಷದಲ್ಲಿದ್ದಾಳೆ, ತಿಂಗಳಿಗೊಮ್ಮೆ ಈಗಲೂ ಆ ಕೋಣೆಗೆ ಹೋಗುತ್ತಾಳೆ. ಕಳೆದ ವಾರ ಅವರ ಮನೆಗೆ ಹೋಗಿದ್ದಾಗ ಮಗಳ ಫೋನ್ ಬಂತು. ನಾಳೆ ಮೂರು ಗಂಟೆಗೆ ಕೌನ್ಸೆಲರ್ ಬಳಿ ಹೋಗಲಿಕ್ಕಿದೆ ಎಂದಳೆಂದು ತೋರುತ್ತದೆ. ತಾಯಿ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗು" ಎಂದರು. "ಆ ಟೀಚರಿಗೆ ನನ್ನ ಸಲಾಂ ಹೇಳು."