ಕಡಿಮೆ ಖರ್ಚಿನ ಸ್ಯಾಂಡ್‌ಬ್ಲಾಸ್ಟಿಂಗ್ ಪೆಟ್ಟಿಗೆ: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಬಸವನಗುಡಿಯ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಎರಡನೆಯ ವಾರ. ಒಂಬತ್ತನೆಯ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಪಾಠ ಮಾಡುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: “ಮಿಸ್, ನಮ್ಮ ಬೀದಿಯ ಮನೆಗಳ ಗೇಟಿನ ಹತ್ತಿರ ಕಲ್ಲಿನ ಮೇಲೆ ಹೆಸರು ಬರೆದಿರ್ತಾರಲ್ಲ, ಅಷ್ಟು ಗಟ್ಟಿ ಕಲ್ಲನ್ನು ಅಷ್ಟು ನೀಟಾಗಿ ಹೇಗೆ ಕೊರೀತಾರೆ?”

ಗ್ರಾನೈಟ್ ನಾಮಫಲಕಗಳನ್ನು ಈಗ ಉಳಿಯಿಂದಲೇ ಕೆತ್ತಬೇಕೆಂದಿಲ್ಲ. ಕಲ್ಲಿಗೆ ರಬ್ಬರ್ ಹಾಳೆ ಅಂಟಿಸಿ, ಅಕ್ಷರದ ಆಕಾರದಲ್ಲಿ ಅದನ್ನು ಕತ್ತರಿಸಿ ತೆಗೆದು, ಒತ್ತಡದ ಗಾಳಿಯೊಂದಿಗೆ ಗಟ್ಟಿ ಕಣಗಳನ್ನು ರಭಸದಿಂದ ಎರಚುತ್ತಾರೆ. ತೆರೆದ ಭಾಗ ಸವೆದು ಅಕ್ಷರ ಮೂಡುತ್ತದೆ. ಇದೇ ಸ್ಯಾಂಡ್‌ಬ್ಲಾಸ್ಟಿಂಗ್. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಇದಕ್ಕೆ ಪೇಟೆಂಟ್ ಪಡೆದದ್ದು 1870ರಲ್ಲಿ. ಚಲನ ಶಕ್ತಿ ಕೆಲಸವಾಗಿ ಬದಲಾಗುವುದನ್ನು ಕಣ್ಣೆದುರೇ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಇಲ್ಲ ಎನಿಸಿತು. ಒಂದು ಚಿಕ್ಕ ಪೆಟ್ಟಿಗೆಯನ್ನು ನಾನೇ ಕಟ್ಟಲು ಹೊರಟೆ. ಮೊದಲ ಪೆಟ್ಟಿಗೆಯಲ್ಲಿ ಮಾಡಿದ ತಪ್ಪನ್ನೂ ಎರಡನೆಯದನ್ನು ಕಟ್ಟಿದ ಬಗೆಯನ್ನೂ ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಪೆಟ್ಟಿಗೆ

ಚಾಮರಾಜಪೇಟೆಯ ಗುಜರಿ ಅಂಗಡಿಯಿಂದ ಪ್ಲೈವುಡ್ ತುಂಡುಗಳನ್ನು ತಂದೆ. ಎಸ್.ಪಿ. ರಸ್ತೆಯಲ್ಲಿ ಅಗ್ಗದ ಗನ್ ಸಿಕ್ಕಿತು. ಪೇಂಟಿಂಗ್ ಕೆಲಸದವರೊಬ್ಬರು 50 ಲೀಟರಿನ ಕಂಪ್ರೆಸರನ್ನು ಎರಡು ದಿನದ ಮಟ್ಟಿಗೆ ಕೊಟ್ಟರು. ಎರಚಲು ಕಣ ಯಾವುದು? ಕಾಲೇಜಿನ ಹಿಂದೆ ಕಟ್ಟಡದ ಕೆಲಸಕ್ಕೆ ತಂದು ಸುರಿದಿದ್ದ ಮರಳನ್ನು ಜರಡಿ ಹಿಡಿದು, ಒಣಗಿಸಿ ತುಂಬಿದೆ. ಒಟ್ಟು ಖರ್ಚು ₹2,600. ಪಾಠ ಯೋಜನೆಯಲ್ಲಿ ‘ಸ್ಥಳೀಯವಾಗಿ ಲಭ್ಯವಿರುವ, ವೆಚ್ಚವಿಲ್ಲದ ಸಾಮಗ್ರಿ’ ಎಂದು ಹೆಮ್ಮೆಯಿಂದ ಬರೆದುಕೊಂಡೆ.

ತರಗತಿಯ ಹಿಂದಿನ ದಿನ ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದೆವು. ಗಾಜಿನ ತುಂಡಿನ ಮೇಲೆ ಅಕ್ಷರ ಚೆನ್ನಾಗಿಯೇ ಮೂಡಿತು. ಗೆಳತಿಯರು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಗಾಜನ್ನು ನೋಡಲಿಲ್ಲ. ಕಿಟಕಿಯತ್ತ ಕೈ ತೋರಿಸಿ, “ಆ ಬಿಸಿಲುಕೋಲಿನಲ್ಲಿ ಏನಿದೆ ನೋಡಿ” ಎಂದರು. ಪೆಟ್ಟಿಗೆಯ ಸಂದುಗಳಿಂದ ಹೊರಬಿದ್ದ ದೂಳು ಬೆಳಕಿನಲ್ಲಿ ಹೊಗೆಯಂತೆ ತೇಲುತ್ತಿತ್ತು. ನೆರಳಿನ ಕಡೆ ಅದು ಕಾಣುತ್ತಲೇ ಇರಲಿಲ್ಲ. “ನಾಳೆ ಎಷ್ಟು ಮಕ್ಕಳು ಕೂತಿರ್ತಾರೆ?” ಎಂದು ಕೇಳಿದರು. ನಲವತ್ತೆರಡು ಎಂದೆ. ಅವರು ಮತ್ತೇನೂ ಹೇಳಲಿಲ್ಲ. ಕಂಪ್ರೆಸರಿನ ಸ್ವಿಚ್ಚನ್ನು ನಾನೇ ಆರಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದೆ.

ಮರಳು ಏಕೆ ಬೇಡ

ಮರಳಿನ ಮುಖ್ಯ ಭಾಗ ಸ್ಫಟಿಕ ರೂಪದ ಸಿಲಿಕಾ, ಅಂದರೆ ಕ್ವಾರ್ಟ್ಜ್. ಮರಳಿನ ಕಣ ಗಟ್ಟಿ ಮೇಲ್ಮೈಗೆ ಬಡಿದಾಗ ತಾನೂ ಒಡೆದು ಕೆಲವೇ ಮೈಕ್ರೋಮೀಟರ್ ಗಾತ್ರದ ಚೂರುಗಳಾಗುತ್ತದೆ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಮೂಗು, ಗಂಟಲು ದೊಡ್ಡ ಕಣಗಳನ್ನು ತಡೆಯುತ್ತವೆ. ಇಷ್ಟು ಸಣ್ಣವು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿದು ಅಲ್ಲೇ ಉಳಿಯುತ್ತವೆ. ಅಲ್ಲಿ ಗಾಯದ ಕಲೆ ಕಟ್ಟಿ ಬರುವ ರೋಗವೇ ಸಿಲಿಕೋಸಿಸ್. ಅದನ್ನು ಗುಣಪಡಿಸುವ ಔಷಧವಿಲ್ಲ. ಕ್ಷಯ ತಗಲುವ ಸಂಭವವನ್ನೂ ಅದು ಹೆಚ್ಚಿಸುತ್ತದೆ.

ಈ ರೋಗ ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲು ಕೊರೆದ ಕಾರ್ಮಿಕರನ್ನು ಇದು ಕಾಡಿತ್ತು. ಮೈಸೂರು ಸಂಸ್ಥಾನದ ಸಿಲಿಕೋಸಿಸ್ ನಿಯಮಗಳು 1940ರಲ್ಲೇ ಬಂದವು. 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿತ್ತು. ಎರಕದ ವಸ್ತುಗಳನ್ನು ಮರಳು ಎರಚಿ ಶುಚಿಗೊಳಿಸುವುದನ್ನು ಬ್ರಿಟನ್ 1949ರ ನಿಯಮಗಳಲ್ಲೇ ನಿಷೇಧಿಸಿತು. ಜೀನ್ಸ್ ಬಟ್ಟೆಗೆ ಮಾಸಿದ ಬಣ್ಣ ಬರಿಸಲು ಮರಳು ಎರಚುತ್ತಿದ್ದ ಯುವ ಕಾರ್ಮಿಕರು ಸಿಲಿಕೋಸಿಸ್‌ನಿಂದ ಸತ್ತ ಮೇಲೆ ಟರ್ಕಿ ಆ ಪದ್ಧತಿಯನ್ನು 2009ರಲ್ಲಿ ನಿಲ್ಲಿಸಿತು.

ಒಂದು ಲೆಕ್ಕ ನನ್ನನ್ನು ಹೆಚ್ಚು ಹೆದರಿಸಿತು. ಸ್ಟೋಕ್ಸ್ ನಿಯಮದ ಪ್ರಕಾರ 2 ಮೈಕ್ರೋಮೀಟರ್ ವ್ಯಾಸದ ಸಿಲಿಕಾ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 0.3 ಮಿ.ಮೀ. ಮಾತ್ರ ಇಳಿಯುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ನೆಲ ಮುಟ್ಟಲು ಅದಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. ನಮ್ಮ ಪಾಠದ ಅವಧಿ 40 ನಿಮಿಷ. ಅಂದರೆ ನನ್ನ ಪಾಠ ಕೇಳಿದ ಮಕ್ಕಳಷ್ಟೇ ಅಲ್ಲ, ಮುಂದಿನ ಅವಧಿಗೆ ಅದೇ ಕೋಣೆಗೆ ಬರುವವರೂ ಅದನ್ನು ಉಸಿರಾಡುತ್ತಿದ್ದರು.

ಎರಡನೆಯ ಪೆಟ್ಟಿಗೆ

ಪೆಟ್ಟಿಗೆ ಇರುವುದು ಕಣಗಳನ್ನು ಎರಚಲಿಕ್ಕಲ್ಲ. ಆ ಕೆಲಸ ಗನ್ನಿನದು. ಪೆಟ್ಟಿಗೆಯ ಕೆಲಸ ದೂಳನ್ನು ಒಳಗಿಡುವುದು. ಇದು ಅರ್ಥವಾದ ಮೇಲೆ ವಿನ್ಯಾಸ ತಾನಾಗಿ ಬದಲಾಯಿತು.

*ಮೈ:* 12 ಮಿ.ಮೀ. ಪ್ಲೈವುಡ್; 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಮತ್ತು ಎತ್ತರ. ಒಳಮೂಲೆಗಳಿಗೆಲ್ಲ ಸಿಲಿಕೋನ್ ಸೀಲಂಟ್. ಪಕ್ಕದ ಬಾಗಿಲಿಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಿಂದ ತಂದ ಕಾರ್ ಬಾಗಿಲಿನ ರಬ್ಬರ್ ಬೀಡಿಂಗ್. ನಡುವೆ ಜಾಲರಿ, ಅದರ ಕೆಳಗೆ ಕಣಗಳು ಜಾರಿ ಒಂದೆಡೆ ಸೇರುವಂತೆ ಇಳಿಜಾರು ತಳ.

*ಕಿಟಕಿ:* ಅಕ್ರಿಲಿಕ್ ಹಾಳೆ. ಕಣಗಳು ತಗುಲಿ ಅದು ಬೇಗ ಮಬ್ಬಾಗುವುದರಿಂದ, ಒಳಬದಿಗೆ ಆಗಾಗ ಬದಲಿಸಬಹುದಾದ ತೆಳು ಪಾರದರ್ಶಕ ಹಾಳೆ.

*ಕೈಗವಸು:* 160 ಮಿ.ಮೀ. ಪಿವಿಸಿ ಪೈಪಿನ ಎರಡು ಗಿಡ್ಡ ತುಂಡುಗಳನ್ನು ಮುಂಭಾಗದಲ್ಲಿ ಕೂರಿಸಿ, ಮೊಣಕೈವರೆಗಿನ ರಬ್ಬರ್ ಕೈಗವಸುಗಳನ್ನು ಅವಕ್ಕೆ ಕ್ಲಿಪ್ ಹಾಕಿ ಬಿಗಿದೆ. ಪಿವಿಸಿ ಇಲ್ಲಿಗೆ ಮಾತ್ರ. ಕಂಪ್ರೆಸರಿನ ಗಾಳಿಯನ್ನು ಪಿವಿಸಿ ಪೈಪಿನಲ್ಲಿ ಎಂದೂ ಒಯ್ಯಬಾರದು. ಅದು ಸಿಡಿದು ಚೂರಾಗುತ್ತದೆ. ಗಾಳಿಗೆ ತಕ್ಕ ಹೋಸ್ ಪೈಪೇ ಬೇಕು.

*ಗಾಳಿ:* ಗನ್ನಿನ ಗಾಳಿರಂಧ್ರ 3 ಮಿ.ಮೀ., ಒತ್ತಡ 3 ಬಾರ್. ಇದಕ್ಕೆ ನಿಮಿಷಕ್ಕೆ ಸುಮಾರು 300 ಲೀಟರ್ ಗಾಳಿ ಬೇಕು. 50 ಲೀಟರಿನ ಟ್ಯಾಂಕು 8 ಬಾರ್‌ನಿಂದ 4 ಬಾರ್‌ಗೆ ಇಳಿಯುವಾಗ ಬಾಯ್ಲ್ ನಿಯಮದಂತೆ 200 ಲೀಟರ್ ಕೊಡುತ್ತದೆ. ಅಂದರೆ 40 ಸೆಕೆಂಡು. ಗಾಜಿಗೆ ಹತ್ತು ಸೆಕೆಂಡು ಸಾಕಾದ್ದರಿಂದ ದೊಡ್ಡ ಕಂಪ್ರೆಸರ್ ಬೇಕಾಗಲಿಲ್ಲ. ರಂಧ್ರದ ವ್ಯಾಸ ಇಮ್ಮಡಿಯಾದರೆ ಗಾಳಿ ನಾಲ್ಕು ಪಟ್ಟು ಬೇಕು ಎಂಬುದನ್ನು ಗನ್ ಕೊಳ್ಳುವಾಗ ಮರೆಯಬಾರದು.

*ಹೀರುವಿಕೆ:* ಹೆಪಾ ಶೋಧಕವಿರುವ ವ್ಯಾಕ್ಯೂಮ್ ಕ್ಲೀನರನ್ನು ಪೆಟ್ಟಿಗೆಗೆ ಜೋಡಿಸಿ, ಎದುರು ಬದಿಯಲ್ಲಿ ಶೋಧಕ ಬಟ್ಟೆ ಹೊದಿಸಿದ ಚಿಕ್ಕ ಗಾಳಿಕಂಡಿ ಬಿಟ್ಟೆ. ಗನ್ ಒಳಗೆ ತಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಯಂತ್ರ ಹೊರಗೆಳೆದರೆ ಪೆಟ್ಟಿಗೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ. ಆಗ ಸಂದು ಉಳಿದಿದ್ದರೂ ಗಾಳಿ ಒಳಗೆ ನುಗ್ಗುತ್ತದೆ, ದೂಳು ಹೊರಬರುವುದಿಲ್ಲ. ಪರೀಕ್ಷೆ ಸುಲಭ: ಹೊತ್ತಿಸಿದ ಊದುಬತ್ತಿಯನ್ನು ಸಂದುಗಳ ಉದ್ದಕ್ಕೂ ಹಿಡಿಯಿರಿ; ಹೊಗೆ ಒಳಗೆ ಎಳೆದುಕೊಳ್ಳಬೇಕು. ಕೈಗವಸುಗಳೂ ತಾವಾಗಿ ಒಳಗಡೆಗೆ ಉಬ್ಬಿ ನಿಲ್ಲುತ್ತವೆ.

*ಭೂಸಂಪರ್ಕ:* ಕಣಗಳ ಉಜ್ಜಾಟದಿಂದ ಸ್ಥಿರವಿದ್ಯುತ್ ಸೇರಿ ಕೈಗೆ ಚುರುಕು ಮುಟ್ಟಿಸುತ್ತದೆ. ಗನ್ ಮತ್ತು ಜಾಲರಿಗೆ ತಾಮ್ರದ ತಂತಿ ಕಟ್ಟಿ ಭೂಸಂಪರ್ಕ ಕೊಟ್ಟೆ.

*ಕಣ:* ಅಲ್ಯೂಮಿನಿಯಂ ಆಕ್ಸೈಡ್, 5 ಕೆ.ಜಿ. ಮತ್ತೆ ಮತ್ತೆ ಬಳಸಬಹುದು.

ಖರ್ಚು: ಪ್ಲೈವುಡ್, ರೀಪು ₹850, ಅಕ್ರಿಲಿಕ್ ₹300, ಕೈಗವಸು, ಪೈಪು, ಕ್ಲಿಪ್ಪು ₹550, ಗನ್ ₹700, ಬೀಡಿಂಗ್, ಸೀಲಂಟ್ ₹400, ದೀಪ, ತಂತಿ ₹250, ಅಲ್ಯೂಮಿನಿಯಂ ಆಕ್ಸೈಡ್ ₹650, ಹೆಪಾ ಶೋಧಕ ₹900, ಎನ್-95 ಮುಸುಕುಗಳು ₹200. ಒಟ್ಟು ₹4,800. ಕಂಪ್ರೆಸರ್, ವ್ಯಾಕ್ಯೂಮ್ ಕ್ಲೀನರ್ ಎರವಲು. ಮೊದಲ ಪೆಟ್ಟಿಗೆಗಿಂತ ₹2,200 ಹೆಚ್ಚು. ಪ್ಲೈವುಡ್ ಗುಜರಿಯದಾದರೆ ನಷ್ಟವಿಲ್ಲ, ದೀಪ ಹಳೆಯದಾದರೂ ನಡೆಯುತ್ತದೆ. ಕಣ, ಬೀಡಿಂಗ್, ಶೋಧಕ ಈ ಮೂರರಲ್ಲಿ ಮಾತ್ರ ಉಳಿತಾಯ ಸಲ್ಲದು.

ತರಗತಿಯಲ್ಲಿ

ಗ್ರಾನೈಟ್ ಕೊರೆದು ತೋರಿಸುವ ಆಸೆಯನ್ನು ಬಿಟ್ಟೆ. ಗ್ರಾನೈಟಿನಲ್ಲೇ ಕ್ವಾರ್ಟ್ಜ್ ಇದೆ. ಎರಚುವ ಕಣ ಬದಲಿಸಿದರೂ ಕಲ್ಲಿನಿಂದ ಅದೇ ದೂಳು ಏಳುತ್ತದೆ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದಾದ್ದರಿಂದ ಬಣ್ಣ ಬಳಿದ ವಸ್ತುಗಳನ್ನೂ ಬಿಟ್ಟೆ. ಗಾಜನ್ನು ಮಾತ್ರ ಇಟ್ಟುಕೊಂಡೆ.

ಪೆಟ್ಟಿಗೆ ತೆರೆದ ಕಿಟಕಿಯ ಪಕ್ಕದಲ್ಲಿತ್ತು. ವ್ಯಾಕ್ಯೂಮ್ ಕ್ಲೀನರ್ ಹೊರಬಿಡುವ ಗಾಳಿಯನ್ನು ಪೈಪಿನಲ್ಲಿ ಹೊರಗೆ ಬಿಟ್ಟಿದ್ದೆ. ಗನ್ ಹಿಡಿದವಳು ನಾನೊಬ್ಬಳೇ. ಮೊದಲು ಒಬ್ಬ ಹುಡುಗಿ ಊದುಬತ್ತಿ ಹಿಡಿದು ಸಂದುಗಳನ್ನು ಪರೀಕ್ಷಿಸಿದಳು; ಪಾಠ ಅಲ್ಲಿಂದಲೇ ಆರಂಭವಾಯಿತು. ಎರಡು ಗಾಜಿನ ಪಟ್ಟಿಗಳ ಮೇಲೆ ಒಂದೇ ದೂರದಿಂದ ಹತ್ತು ಸೆಕೆಂಡು ಎರಚಿದೆ: ಒಂದಕ್ಕೆ 1.5 ಬಾರ್, ಇನ್ನೊಂದಕ್ಕೆ 3 ಬಾರ್. ಎರಡನೆಯದು ಎಷ್ಟೋ ಹೆಚ್ಚು ಮಬ್ಬಾಯಿತು. ವೇಗ ಹೆಚ್ಚಿದರೆ ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದನ್ನು ಮಕ್ಕಳು ಬೆರಳಿನಿಂದ ಸವರಿ ತಿಳಿದರು.

ಆಮೇಲೆ ಎರಡು ಪ್ರಶ್ನೆಗಳು ಬಂದವು. “ಗಟ್ಟಿ ಗಾಜು ಸವೆಯಿತು, ಮೆತ್ತನೆಯ ರಬ್ಬರ್ ಏಕೆ ಸವೆಯಲಿಲ್ಲ?” ರಬ್ಬರ್ ಬಗ್ಗಿ ಕಣವನ್ನು ಹಿಂದಕ್ಕೆ ಪುಟಿಸುತ್ತದೆ; ಬಗ್ಗಲಾರದ ಗಾಜಿನಿಂದ ಚೂರು ಕಿತ್ತುಬರುತ್ತದೆ. ಎರಡನೆಯದನ್ನು ಕೇಳಿದವನು ನಾಮಫಲಕದ ಹುಡುಗನೇ: “ಗಾಜನ್ನೂ ಮರಳಿನಿಂದಲೇ ಮಾಡೋದಲ್ವಾ ಮಿಸ್? ಅದರ ದೂಳೂ ಅಪಾಯ ಅಲ್ವಾ?” ಗಾಜಿನ ಸಿಲಿಕಾಗೆ ಸ್ಫಟಿಕ ರಚನೆ ಇಲ್ಲ, ಅದರಿಂದ ಸಿಲಿಕೋಸಿಸ್ ಬರುವುದಿಲ್ಲ, ಆದರೂ ಯಾವ ದೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅದಕ್ಕೇ ಈ ಮುಚ್ಚಿದ ಪೆಟ್ಟಿಗೆ ಎಂದೆ. ಅವನು ಸ್ವಲ್ಪ ಯೋಚಿಸಿ, “ಹಾಗಾದ್ರೆ ಕಲ್ಲಿನ ಬೋರ್ಡ್ ಮಾಡೋರು?” ಎಂದ. ನನ್ನ ಪಾಠ ಯೋಜನೆಯಲ್ಲಿ ಇರದಿದ್ದ ಈ ಪ್ರಶ್ನೆಗೆ ಉಳಿದ ಹತ್ತು ನಿಮಿಷವನ್ನೂ ಕೊಟ್ಟೆ.

ಪಾಠ ಮುಗಿದ ಮೇಲೂ ವ್ಯಾಕ್ಯೂಮ್ ಕ್ಲೀನರನ್ನು ಐದು ನಿಮಿಷ ಓಡಿಸಿ, ಮಕ್ಕಳು ಹೋದ ನಂತರ ಮುಸುಕು ಧರಿಸಿ ಬಾಗಿಲು ತೆಗೆದೆ. ದೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿದೆ. ಅದೇ ವಾರ ಶಾಲೆಯ ಪ್ರಯೋಗಾಲಯದ ಖಾಲಿ ಕಾರಕ ಸೀಸೆಗಳನ್ನು ತೊಳೆದು, ಆಮ್ಲ ತಗುಲಿ ಉದುರಿಹೋಗುತ್ತಿದ್ದ ಕಾಗದದ ಚೀಟಿಗಳ ಬದಲು ಹೆಸರುಗಳನ್ನು ಗಾಜಿನ ಮೇಲೆಯೇ ಮೂಡಿಸಿಕೊಟ್ಟೆ. ಬಿಸಿ ಮಾಡುವ ಬೀಕರುಗಳನ್ನು ಮುಟ್ಟಲಿಲ್ಲ. ಗೀರು ಬಿದ್ದ ಗಾಜು ಕಾಯಿಸಿದಾಗ ಸೀಳಬಹುದು.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ‘ಬೋಧನೋಪಕರಣಗಳು’ ಎಂಬ ಕಾಲಂ ಇದೆ. ಅದರ ಪಕ್ಕದಲ್ಲಿ ಈಗ ಇನ್ನೊಂದು ಕಾಲಂ ಎಳೆದುಕೊಂಡಿದ್ದೇನೆ: ‘ಇದರಿಂದ ಗಾಳಿಗೆ, ಕೈಗೆ, ಕಣ್ಣಿಗೆ ಏನು ಸೇರುತ್ತದೆ?’ ಅಲ್ಲಿ ಉತ್ತರ ಬರೆಯಲಾಗದಿದ್ದರೆ ಆ ಉಪಕರಣವನ್ನು ತರಗತಿಗೆ ಒಯ್ಯುವುದಿಲ್ಲ.