ಬೇರೆ ಏರ್ ಫಿಲ್ಟರ್ ಹಾಕಿದರೆ ಕಾರಿನ ಶಕ್ತಿ ಹೆಚ್ಚುತ್ತದೆಯೇ?

ಸಿಂಗಟಾಲೂರಿನಲ್ಲಿ ಒಂಬತ್ತನೇ ತರಗತಿಗೆ ಅನಿಲಗಳ ಗುಣಗಳ ಪಾಠ ಮಾಡುವಾಗ ಹುಡುಗನೊಬ್ಬ ಕೇಳಿದ: “ಸರ್, ನಮ್ಮಣ್ಣ ಕಾರಿಗೆ ಬ್ಯಾರೆ ಏರ್ ಫಿಲ್ಟರ್ ಹಾಕಸ್ತಾನಂತ್ರಿ. ಪಿಕಪ್ ಜಾಸ್ತಿ ಆಕ್ಕೈತೇನ್ರಿ?” ಅಣ್ಣನದು ಬಾಡಿಗೆ ಕಾರು, ಸಾಲದ ಕಂತು ಇನ್ನೂ ನಡೆದಿದೆ. ಪಾಠ ಯೋಜನೆಯಲ್ಲಿ ಇಲ್ಲವೆಂದು ಬಿಡುವ ಪ್ರಶ್ನೆಯಲ್ಲ.

ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿಸಬಹುದು. ಮಾರುವವರ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ಪೆಟ್ರೋಲ್ ಕಾರಿನಲ್ಲಿ ಗಾಳಿಯನ್ನು ತಡೆಹಿಡಿಯುವುದು ಬಹುಪಾಲು ಥ್ರಾಟಲ್ ಕವಾಟ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೇ ಫಿಲ್ಟರಿನ ಅಡ್ಡಿ ಲೆಕ್ಕಕ್ಕೆ ಬರುವುದು. ಕಂಪನಿಯ ಶುಚಿಯಾದ ಫಿಲ್ಟರಿನಲ್ಲಿ ಅದೂ ಅಲ್ಪ. ಎದ್ದು ಕಾಣುವಂತೆ ಹೆಚ್ಚುವುದು ಸದ್ದು. ಅದನ್ನೇ ನಾವು ಶಕ್ತಿ ಎಂದುಕೊಳ್ಳುತ್ತೇವೆ.

ಒಂದು ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ. ತೆರೆದ ಫಿಲ್ಟರ್ ಬಾನೆಟ್ ಒಳಗಿನ ಬಿಸಿಗಾಳಿಯನ್ನು ಎಳೆಯುತ್ತದೆ. ಗಾಳಿ 30ರ ಬದಲು 60 ಡಿಗ್ರಿ ಸೆಲ್ಸಿಯಸ್ ಇದ್ದರೆ, 273 ಕೂಡಿಸಿ, ಸಾಂದ್ರತೆ 303/333ಕ್ಕೆ ಇಳಿಯುತ್ತದೆ. ಅಂದರೆ ಸುಮಾರು ಶೇ. 9 ಕಡಿಮೆ ಗಾಳಿ! ತರಗತಿ ಚುರುಕಾದದ್ದು ಇಲ್ಲಿಯೇ.

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಆಧುನಿಕ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದಲೂ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ; ಪಿಕಪ್ ಮಾತ್ರ ಕುಗ್ಗಿತು. ಆದ್ದರಿಂದ ಮುಂಡರಗಿ ಕಡೆಯ ಧೂಳಿನ ರಸ್ತೆಗೆ ಕಂಪನಿಯ ಫಿಲ್ಟರನ್ನೇ ಬೇಗ ಬೇಗ ಬದಲಿಸುವುದು ಲೇಸು. ಗಾಳಿ ಸಲೀಸಾಗಿ ಹೋಗಲೆಂದು ಸಡಿಲ ಹೆಣಿಗೆಯ ಫಿಲ್ಟರ್ ಹಾಕಿದರೆ ಸಣ್ಣ ಧೂಳೂ ಜೊತೆಗೆ ನುಗ್ಗಿ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ.